ಪದವಿಗೆ ಬೇಕಾದ 3,600 ಗಂಟೆ

ಕೆಲಸದಲ್ಲಿದ್ದುಕೊಂಡೇ ಆನ್‌ಲೈನಿನಲ್ಲಿ ಬಿಸಿಎ ಅಥವಾ ಎಂಸಿಎ ಮಾಡಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಶುಲ್ಕ ಎಷ್ಟು ಎಂದು, ಆಮೇಲೆ ಈ ಪದವಿಯನ್ನು ಕಂಪನಿಗಳು ಒಪ್ಪುತ್ತವೆಯೇ ಎಂದು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅದಕ್ಕೂ ಮೊದಲು ಕಾಗದದ ಮೇಲೆ ಹಾಕಿ ನೋಡಬೇಕಾದ ಲೆಕ್ಕ ಒಂದಿದೆ. 2023ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ, ಒಂದು ವರ್ಷದ ಓದು ಎಂದರೆ 40 ಕ್ರೆಡಿಟ್. ಮೂರು ವರ್ಷದ ಪದವಿಗೆ 120 ಕ್ರೆಡಿಟ್, ಅಂದರೆ 3,600 ಗಂಟೆ. ದಿನಕ್ಕೆ ಹಂಚಿದರೆ ಸುಮಾರು ಮೂರೂಕಾಲು ಗಂಟೆ. ಭಾನುವಾರ, ಯುಗಾದಿ, ಮನೆಯಲ್ಲಿ ಮದುವೆ, ಮಗುವಿಗೆ ಜ್ವರ ಬಂದ ದಿನ, ಎಲ್ಲವೂ ಸೇರಿದ ಲೆಕ್ಕ ಇದು; ಒಂದು ದಿನ ತಪ್ಪಿದರೆ ಮರುದಿನ ಆರೂವರೆ ಗಂಟೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ, ರಾತ್ರಿ ಎಂಟಕ್ಕೆ ಮನೆ ಸೇರುವವರಿಗೆ ಈ ಮೂರೂಕಾಲು ಗಂಟೆ ಎಲ್ಲಿಂದ ಹುಟ್ಟಬೇಕು? ನಿದ್ದೆಯಿಂದ, ಇಲ್ಲವೇ ಮನೆಯವರ ಪಾಲಿನಿಂದ. ದುಡಿಯುವವರ ಆನ್‌ಲೈನ್ ಪದವಿಯನ್ನು ಹಣದಿಂದಲ್ಲ, ಗಂಟೆಗಳಿಂದ ಅಳೆಯಬೇಕು ಎಂಬುದೇ ಈ ಲೇಖನದ ವಾದ. ಯಾವ ಕೋರ್ಸ್ ಒಳ್ಳೆಯದು, ಎಷ್ಟು ವರ್ಷದಲ್ಲಿ ಮುಗಿಸಬೇಕು, ಕೊನೆಗೆ ಓದಬೇಕೇ ಬೇಡವೇ ಎನ್ನುವುದೂ ಈ ಅಳತೆಯಿಂದಲೇ ತೀರ್ಮಾನವಾಗುವಂಥದ್ದು.

ಪಾಠವೇನೋ ಈಗ ಪುಕ್ಕಟೆ ಸಿಗುತ್ತದೆ, ಪದವಿಯ ಗೋಜೇಕೆ ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಸತ್ಯವಿದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ ಒಳ್ಳೊಳ್ಳೆಯ ಉಪನ್ಯಾಸಗಳು ಯಾರು ಬೇಕಾದರೂ ನೋಡುವಂತಿವೆ. 2017ರಿಂದ ಸ್ವಯಂ ಜಾಲತಾಣವೂ ಇದೆ. ಆದರೆ ಉಚಿತ ಪಾಠಕ್ಕೆ ಸೇರಿದವರಲ್ಲಿ ಕೊನೆ ಮುಟ್ಟಿದವರು ಎಷ್ಟು ಮಂದಿ? ಹಾರ್ವರ್ಡ್ ಮತ್ತು ಎಂಐಟಿ ನಡೆಸಿದ ಎಡ್‌ಎಕ್ಸ್ ಕೋರ್ಸ್‌ಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2017–18ರಲ್ಲಿ ಸೇರಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ 3.13 ಮಾತ್ರ. ಹಣ ಕಟ್ಟಿ ಪ್ರಮಾಣಪತ್ರಕ್ಕೆ ಹೆಸರು ನೋಂದಾಯಿಸಿದವರಲ್ಲಿ ಈ ಪ್ರಮಾಣ ಶೇ 46. ಪಾಠ ಒಂದೇ, ಮೇಷ್ಟ್ರೂ ಒಬ್ಬರೇ. ಹಣ ಕಟ್ಟುವವರು ಮೊದಲೇ ಗಟ್ಟಿ ಮನಸ್ಸು ಮಾಡಿದವರು, ಹಣವೇ ಅವರನ್ನು ಓದಿಸಿತು ಎನ್ನಲಾಗದು ಎಂದು ಯಾರಾದರೂ ಆಕ್ಷೇಪಿಸಿದರೆ ಅದೂ ಸರಿಯೇ. ಹಾಗಿದ್ದರೂ ಒಂದು ಸಂಗತಿ ಇಲ್ಲಿ ಕಾಣುತ್ತದೆ: ಕಲಿಕೆಗೆ ಅಡ್ಡ ನಿಂತಿರುವುದು ಪಾಠದ ಅಭಾವವಲ್ಲ. ‘ಇವತ್ತು ಬೇಡ, ನಾಳೆ ನೋಡೋಣ’ ಎಂಬುದಕ್ಕೆ ಗಡುವಿಲ್ಲದಿರುವುದು. ಪದವಿ ಎಂಬ ವ್ಯವಸ್ಥೆ ಕೊಡುವುದು ಆ ಗಡುವನ್ನು. ಈ ವಾರ ಅಸೈನ್‌ಮೆಂಟ್, ಮುಂದಿನ ತಿಂಗಳು ಪರೀಕ್ಷೆ, ಇದಾದ ಮೇಲೆ ಅದು ಎಂಬ ಕ್ರಮ. ದಿನವಿಡೀ ದುಡಿದು ಬಂದವರಿಗೆ ಆ ಕ್ರಮವೇ ದೊಡ್ಡ ಆಸರೆ.

ಹಾಗಾದರೆ ಒಳ್ಳೆಯ ಕೋರ್ಸನ್ನು ಗುರುತಿಸುವುದು ಹೇಗೆ? ಅದು ವಿದ್ಯಾರ್ಥಿಯ ಸಮಯವನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಬಿಎಸ್ ಪದವಿ ಇದಕ್ಕೆ ಉತ್ತಮ ಉದಾಹರಣೆ. ಅಲ್ಲಿಗೆ ಜೆಇಇ ಬರೆದು ಬರಬೇಕಿಲ್ಲ. ನಾಲ್ಕು ವಾರದ ಪಾಠ ಕೇಳಿ, ಅದರ ಮೇಲಿನ ಅರ್ಹತಾ ಪರೀಕ್ಷೆ ಪಾಸಾದರೆ ಪ್ರವೇಶ. ವರ್ಷಕ್ಕೆ ಮೂರು ಅವಧಿ, ಪ್ರತಿ ಅವಧಿಯಲ್ಲೂ ಎಷ್ಟು ವಿಷಯ ತೆಗೆದುಕೊಳ್ಳಬೇಕೆಂಬುದು ವಿದ್ಯಾರ್ಥಿಗೇ ಬಿಟ್ಟದ್ದು, ತೆಗೆದುಕೊಂಡ ವಿಷಯಕ್ಕಷ್ಟೇ ಶುಲ್ಕ. ಪಾಠ ಮನೆಯಲ್ಲಾದರೂ ಪರೀಕ್ಷೆಗೆ ಕೇಂದ್ರಕ್ಕೇ ಹೋಗಬೇಕು. ನಡುವೆ ನಿಲ್ಲಿಸಬೇಕಾಗಿ ಬಂದರೆ ಅಲ್ಲಿಯವರೆಗಿನ ಓದಿಗೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗುತ್ತದೆ. ಒಂದು ವಿಷಯಕ್ಕೆ ವಾರಕ್ಕೆ ಸುಮಾರು ಹತ್ತು ಗಂಟೆ ಬೇಕು ಎಂದು ಸಂಸ್ಥೆಯೇ ಹೇಳುತ್ತದೆ. ಈ ಪ್ರಾಮಾಣಿಕತೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ‘ಬಿಡುವಿದ್ದಾಗ ಓದಿ’ ಎಂಬ ಜಾಹೀರಾತಿನ ಮಾತಿನಷ್ಟು ಅನ್ಯಾಯದ್ದು ಇನ್ನೊಂದಿಲ್ಲ. ದುಡಿಯುವವರಿಗೆ ಬಿಡುವು ತಾನಾಗಿ ಬರುವುದಿಲ್ಲ, ಅದನ್ನು ಯಾವುದರಿಂದಲೋ ಕಿತ್ತು ತೆಗೆಯಬೇಕು. 1985ರಲ್ಲಿ ಹುಟ್ಟಿದ ಇಗ್ನೋ ವಿಶ್ವವಿದ್ಯಾಲಯ ಮೂರು ವರ್ಷದ ಬಿಸಿಎ ಮುಗಿಸಲು ಆರು ವರ್ಷದವರೆಗೆ ಅವಕಾಶ ಕೊಡುತ್ತದೆ. ಆರು ವರ್ಷಕ್ಕೆ ಹಂಚಿದರೆ ಆ 3,600 ಗಂಟೆ ದಿನಕ್ಕೆ 1 ಗಂಟೆ 40 ನಿಮಿಷಕ್ಕೆ ಇಳಿಯುತ್ತದೆ. ಇದು ಮನುಷ್ಯರಿಗೆ ಸಾಧ್ಯವಾಗುವ ಲೆಕ್ಕ. ಮೂರು ವರ್ಷದಲ್ಲಿ ಮುಗಿಸಲಾಗದವರನ್ನು ಹಿಂದೆ ಬಿದ್ದವರೆಂದು ನೋಡುವ ಕಾಲೇಜು ದಿನಗಳ ಕಣ್ಣನ್ನು ಇಲ್ಲಿ ಬಿಡಬೇಕು. ಸಂಸಾರ ತೂಗಿಸುತ್ತ ಐದಾರು ವರ್ಷದಲ್ಲಿ ಪದವಿ ಪಡೆಯುವುದು ಸೋಲಲ್ಲ, ಆ ಓದಿನ ಸಹಜ ವೇಗವೇ ಅದು.

ವಯಸ್ಸಾದ ಮೇಲೆ ಪರದೆ ನೋಡಿ ಕಲಿಯುವುದು ಆಗುವ ಹೋಗುವ ಮಾತೇ ಎಂಬ ಅಳುಕು ಅನೇಕರಿಗಿದೆ. ಲಭ್ಯ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ 40,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು, ತರಗತಿಗಿಂತ ಆನ್‌ಲೈನಿನಲ್ಲಿ ಎಲ್ಲ ಬಗೆಯ ವಿದ್ಯಾರ್ಥಿಗಳೂ ತುಸು ಹಿಂದೆ ಬಿದ್ದಿದ್ದನ್ನು ಕಂಡರು. ಹೆಚ್ಚು ಹಿಂದೆ ಬಿದ್ದವರು ಯಾರು ಎಂದರೆ ಗಂಡುಮಕ್ಕಳು, ಕಿರಿಯರು, ಮೊದಲೇ ಅಂಕ ಕಡಿಮೆ ಇದ್ದವರು. ವಯಸ್ಸಿನಲ್ಲಿ ಹಿರಿಯರಾದವರು ಇವರಿಗಿಂತ ಚೆನ್ನಾಗಿ ಹೊಂದಿಕೊಂಡಿದ್ದರು. ಜಾರ್ಜಿಯಾ ಟೆಕ್ ಸಂಸ್ಥೆ 2014ರಲ್ಲಿ ಸುಮಾರು 7,000 ಡಾಲರ್‌ಗೆ ಆರಂಭಿಸಿದ ಕಂಪ್ಯೂಟರ್ ವಿಜ್ಞಾನದ ಆನ್‌ಲೈನ್ ಸ್ನಾತಕೋತ್ತರ ಪದವಿಯ ಕಥೆಯೂ ಗಮನಿಸಬೇಕಾದದ್ದು. ಕ್ಯಾಂಪಸ್ಸಿಗೆ ಅರ್ಜಿ ಹಾಕುವವರ ಸರಾಸರಿ ವಯಸ್ಸು 24 ಇದ್ದರೆ, ಆನ್‌ಲೈನ್ ಪದವಿಗೆ ಹಾಕಿದವರದು 34. ಇವರಲ್ಲಿ ಪ್ರವೇಶದ ಗೆರೆಯ ಆಚೀಚೆ ಇದ್ದವರನ್ನು ಹೋಲಿಸಿದ ಅರ್ಥಶಾಸ್ತ್ರಜ್ಞರಿಗೆ ತಿಳಿದದ್ದಿಷ್ಟು: ಇಲ್ಲಿ ಸೀಟು ಸಿಗದವರು ಬಹುಪಾಲು ಬೇರೆಲ್ಲೂ ಸೇರಲಿಲ್ಲ, ಓದನ್ನೇ ಬಿಟ್ಟರು. ಅಂದರೆ ಈ ಪದವಿ ಕಾಲೇಜಿನ ವಿದ್ಯಾರ್ಥಿಗಳನ್ನು ಕಸಿದುಕೊಂಡಿರಲಿಲ್ಲ. ಇಲ್ಲದಿದ್ದರೆ ಓದೇ ಇಲ್ಲದೆ ಉಳಿಯುತ್ತಿದ್ದವರಿಗೆ ಬಾಗಿಲು ತೆರೆದಿತ್ತು.

ಆದರೆ ಆ ಬಾಗಿಲು ಎಲ್ಲರಿಗೂ ಒಂದೇ ಅಗಲದ್ದಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಅಂತರ ಹೆಚ್ಚುಕಡಿಮೆ ಅಲ್ಲೇ ನಿಂತಿದೆ: 200 ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಮೂರು ವರ್ಷದ ಪದವಿಗೆ ದಿನವೂ ಬೇಕಾದ ಮೂರೂಕಾಲು ಗಂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದು ಇಡೀ ಪದವಿಗೆ ಬೇಕಾದಷ್ಟು ಹೊತ್ತನ್ನು ಗಂಡಸರಿಗಿಂತ ಹೆಚ್ಚಾಗಿ ಹೆಂಗಸರು ಒಲೆಯ ಮುಂದೆ, ಬಚ್ಚಲಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ ಕಳೆಯುತ್ತಿದ್ದಾರೆ. ‘ಮನೆಯಲ್ಲೇ ಕೂತು ಓದಬಹುದಲ್ಲ, ಹೆಂಗಸರಿಗೆ ಆನ್‌ಲೈನೇ ಅನುಕೂಲ’ ಎಂದು ಸಲೀಸಾಗಿ ಹೇಳುತ್ತೇವೆ. ಮನೆಯಲ್ಲೇ ಕೂತಿರುವುದೇ ತೊಡಕು. ಕಾಲೇಜಿಗೆ ಹೋದವಳನ್ನು ಯಾರೂ ಕಾಫಿ ಕೇಳುವುದಿಲ್ಲ, ಲ್ಯಾಪ್‌ಟಾಪ್ ಮುಂದೆ ಕೂತವಳನ್ನು ಕೇಳುತ್ತಾರೆ. ಹೆಂಡತಿಯ ಓದಿಗೆ ಶುಲ್ಕ ಕಟ್ಟಿದ್ದೇನೆ ಎನ್ನುವ ಗಂಡ ಕಟ್ಟಬೇಕಾದ ದೊಡ್ಡ ಕಂತು ಬೇರೆಯೇ ಇದೆ: ದಿನಕ್ಕೊಂದೂವರೆ ಗಂಟೆ ಅಡುಗೆಮನೆಯನ್ನೂ ಮಕ್ಕಳನ್ನೂ ತಾನು ನೋಡಿಕೊಳ್ಳುವುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಗಂಟೆಯೂ ಇನ್ನೊಬ್ಬರ ಗಂಟೆಗೆ ಸಮವಲ್ಲ. ಉಪನ್ಯಾಸ, ಪಠ್ಯ, ಪ್ರಶ್ನೆ ಎಲ್ಲವೂ ಇಂಗ್ಲಿಷಿನಲ್ಲಿದ್ದಾಗ ಒಂದು ಗಂಟೆಯ ಪಾಠ ಎರಡು ಗಂಟೆ ನುಂಗುತ್ತದೆ. ಎನ್‌ಪಿಟೆಲ್ ಕೆಲವು ಕೋರ್ಸ್‌ಗಳ ಪಠ್ಯವನ್ನು ಕನ್ನಡಕ್ಕೂ ತಂದಿದೆ. ಮೊದಲ ವರ್ಷ ಕಡಿಮೆ ವಿಷಯ ತೆಗೆದುಕೊಂಡು, ಪರಿಕಲ್ಪನೆಯನ್ನು ಅಲ್ಲಿ ಕನ್ನಡದಲ್ಲಿ ಹಿಡಿದು, ಆಮೇಲೆ ಇಂಗ್ಲಿಷ್ ಪಾಠಕ್ಕೆ ಕೂತರೆ ಭಾರ ತಗ್ಗುತ್ತದೆ.

ಇಷ್ಟೆಲ್ಲ ಗಂಟೆ ಸುರಿದು ಕಲಿಯುವುದು ಹಳತಾಗಿಹೋಗುವ ವಿದ್ಯೆಯನ್ನಲ್ಲವೇ, ಕೋಡ್ ಬರೆಯುವುದನ್ನು ಈಗ ಕೃತಕ ಬುದ್ಧಿಮತ್ತೆಯೇ ಮಾಡುತ್ತಿದೆಯಲ್ಲ? ಈಚೆಗೆ ಅತಿ ಹೆಚ್ಚು ಕೇಳಿಬರುವ ಆಕ್ಷೇಪ ಇದು, ಹಗುರವಾಗಿ ತಳ್ಳಿಹಾಕುವಂಥದ್ದೂ ಅಲ್ಲ. ಆರು ತಿಂಗಳ ಕೋರ್ಸಿನಲ್ಲಿ ಒಂದು ಸಲಕರಣೆಯನ್ನಷ್ಟೇ ಕಲಿತವರ ಮಟ್ಟಿಗೆ ಅದು ನಿಜವಾದ ಅಪಾಯ. ಆದರೆ ಸರಿಯಾದ ಪದವಿಯ ಪಠ್ಯಕ್ರಮದಲ್ಲಿ ಇರುವುದು ಸಲಕರಣೆಗಳಲ್ಲ. ದತ್ತಾಂಶವನ್ನು ಪರಸ್ಪರ ಸಂಬಂಧವಿರುವ ಕೋಷ್ಟಕಗಳಲ್ಲಿ ಇಡುವ ವಿಧಾನವನ್ನು ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಇವತ್ತಿನ ಬ್ಯಾಂಕು, ರೈಲ್ವೆ ಬುಕಿಂಗ್‌ಗಳ ಹಿಂದಿರುವ ದತ್ತಾಂಶ ವ್ಯವಸ್ಥೆಗಳ ತಳಹದಿ ಅದೇ. ನಕ್ಷೆಯಲ್ಲಿ ಹತ್ತಿರದ ದಾರಿ ಹುಡುಕುವ ಡೈಕ್‌ಸ್ಟ್ರಾ ಅವರ ಕ್ರಮವಿಧಿ ಪ್ರಕಟವಾದದ್ದು 1959ರಲ್ಲಿ. ಅಂತರ್ಜಾಲದ ಟಿಸಿಪಿ/ಐಪಿ ನಿಯಮಗಳು 1983ರ ಜನವರಿ 1ರಿಂದ ಬಳಕೆಯಲ್ಲಿವೆ. ಭಾಷೆಗಳು, ಕಂಪನಿಗಳು, ಫ್ಯಾಷನ್‌ಗಳು ಬಂದು ಹೋದವು, ಇವು ಉಳಿದವು. ಯಂತ್ರ ಬರೆದುಕೊಟ್ಟ ಕೋಡ್ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವರು ಇವನ್ನು ಬಲ್ಲವರೇ. ಹೆಲ್ಪ್‌ಡೆಸ್ಕಿನಲ್ಲಿ, ಟೆಸ್ಟಿಂಗಿನಲ್ಲಿ ಹತ್ತು ವರ್ಷ ದುಡಿದವರಿಗೆ ಕೆಲಸ ಗೊತ್ತಿರುತ್ತದೆ, ಅದು ಯಾಕೆ ಹಾಗೆ ನಡೆಯುತ್ತದೆಂಬುದು ಗೊತ್ತಿರುವುದಿಲ್ಲ. ಪದವಿ ಕೊಡಬೇಕಾದದ್ದು ಅದನ್ನು. ಪಠ್ಯಕ್ರಮದಲ್ಲಿ ದತ್ತಾಂಶ ರಚನೆ, ಆಪರೇಟಿಂಗ್ ಸಿಸ್ಟಮ್, ಜಾಲ, ದತ್ತಸಂಚಯ, ಗಣಿತ ಇಲ್ಲವೆಂದಾದರೆ ಅಂಥ ಪದವಿಗೆ ಗಂಟೆ ಸುರಿಯುವುದು ಬೇಡ.

ಮಾನ್ಯತೆಯ ವಿಷಯದಲ್ಲಂತೂ ಕರ್ನಾಟಕದವರು ಪೆಟ್ಟು ತಿಂದೇ ಎಚ್ಚೆತ್ತವರು. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಯುಜಿಸಿ ಮಾನ್ಯತೆ ಇಲ್ಲವಾಗಿ, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಸೇರಿದ ಸಾವಿರಾರು ಮಂದಿಯ ವರ್ಷಗಳು ಅತಂತ್ರವಾದವು. ಶುಲ್ಕವಾದರೆ ಮತ್ತೆ ಸಂಪಾದಿಸಬಹುದು, ಅವರು ನಿದ್ದೆಗೆಟ್ಟ ರಾತ್ರಿಗಳನ್ನು ತಂದುಕೊಡುವವರಿಲ್ಲ. ದೂರಶಿಕ್ಷಣದಲ್ಲಿ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಕೊಟ್ಟ ಎಂಜಿನಿಯರಿಂಗ್ ಪದವಿಗಳನ್ನು ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಒಪ್ಪಲಿಲ್ಲ. ಈಗ ನಿಯಮ ಸ್ಪಷ್ಟವಿದೆ. ಯುಜಿಸಿಯ 2020ರ ನಿಯಮಾವಳಿಯಂತೆ ಅನುಮತಿ ಪಡೆದ ಆನ್‌ಲೈನ್ ಪದವಿ ಸಾಮಾನ್ಯ ಪದವಿಗೆ ಸಮಾನ, ಇದನ್ನು ಆಯೋಗ 2022ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸಾರಿದೆ. ಎಂಜಿನಿಯರಿಂಗ್ ಪದವಿಯನ್ನು ಹೀಗೆ ಕೊಡುವಂತಿಲ್ಲ. ಖಾಸಗಿ ಶಿಕ್ಷಣ ಕಂಪನಿಗಳಿಗೆ ವಿಶ್ವವಿದ್ಯಾಲಯಗಳು ತಮ್ಮ ಹೆಸರನ್ನು ಫ್ರಾಂಚೈಸಿ ಕೊಡುವಂತಿಲ್ಲ ಎಂದು 2022ರ ಜನವರಿಯಲ್ಲಿ ಎಚ್ಚರಿಕೆಯೂ ಬಂದಿದೆ. ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ವಿಶ್ವವಿದ್ಯಾಲಯದ ಹೆಸರು, ಕೋರ್ಸಿನ ಹೆಸರು, ವರ್ಷ ಮೂರನ್ನೂ ಹುಡುಕಿ ನೋಡಲು ಹತ್ತು ನಿಮಿಷ ಸಾಕು. ಕಂತಿನ ಸಾಲಕ್ಕೆ ಸಹಿ ಹಾಕಿಸಿಕೊಳ್ಳಲು ಫೋನ್ ಮೇಲೆ ಫೋನ್ ಮಾಡುವವರಿಗೆ ಆ ಹತ್ತು ನಿಮಿಷ ಮುಗಿದ ಮೇಲೆ ಉತ್ತರ ಕೊಟ್ಟರಾಯಿತು.

ಉಳಿದದ್ದು ಮಾಲೀಕರ ಪಾಲು. ರಾಜ್ಯದಲ್ಲಿ 2023ರ ತಿದ್ದುಪಡಿಯ ನಂತರ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆವರೆಗೆ ದುಡಿಸಿಕೊಳ್ಳಲು ಅವಕಾಶವಾಯಿತು. 2024ರ ಜುಲೈನಲ್ಲಿ ಐಟಿ ವಲಯದ ದುಡಿಮೆಯನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ ಸುದ್ದಿಯಾಗಿ, ನೌಕರರ ಸಂಘಟನೆ ಬೀದಿಗಿಳಿದು ವಿರೋಧಿಸಿತು. ಹದಿನಾಲ್ಕು ಗಂಟೆ ದುಡಿಮೆ, ಎರಡು ಗಂಟೆ ಪ್ರಯಾಣ, ಏಳು ಗಂಟೆ ನಿದ್ದೆ: ಉಳಿಯುವುದು ಊಟ, ಸ್ನಾನ, ಸಂಸಾರಕ್ಕೆ ಸೇರಿ ಒಂದು ಗಂಟೆ. ನೌಕರರು ಕೌಶಲ ಹೆಚ್ಚಿಸಿಕೊಳ್ಳಲಿ ಎನ್ನುವವರೇ ಅವರ ದಿನವನ್ನು ಹೀಗೆ ಹಿಗ್ಗಿಸುತ್ತ ಹೋದರೆ ಆ ಮಾತಿಗೆ ಅರ್ಥವಿಲ್ಲ. ಓದು ಮುಗಿಸಿ ಕೆಲಸ ಬಿಟ್ಟು ಹೋದರೆ ನಮಗೇನು ಲಾಭ ಎಂದು ಕಂಪನಿಗಳು ಕೇಳಬಹುದು. ಆದರೆ ನಾಲ್ಕೈದು ವರ್ಷ ನಡೆಯುವ ಓದಿಗೆ ಅನುಕೂಲ ಮಾಡಿಕೊಟ್ಟ ಜಾಗವನ್ನು, ಆ ಓದು ಮುಗಿಯುವ ಮೊದಲು ಯಾರೂ ಸುಮ್ಮನೆ ಬಿಡಲಾರರು. ಈ ಅನುಕೂಲಕ್ಕೆ ಕಂಪನಿ ಶುಲ್ಕ ಭರಿಸಲೇಬೇಕೆಂದಿಲ್ಲ. ಪರೀಕ್ಷೆಯ ವೇಳಾಪಟ್ಟಿ ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ; ಹಾಜರಿ ಪಟ್ಟಿ ಬರೆಯುವ ಮೇಲ್ವಿಚಾರಕರು ಪರೀಕ್ಷೆಯ ದಿನದ ಹಿಂದಿನ ರಾತ್ರಿ ಪಾಳಿಯನ್ನು ಪರೀಕ್ಷೆ ಬರೆಯುವವರ ಹೆಸರಿಗೆ ಹಾಕದಿದ್ದರೆ ಸಾಕು.