ಸಂಪರ್ಕ ಕಡಿದಾಗ ಲೆಕ್ಕದ ಗತಿ

ಆಟಿ ತಿಂಗಳ ಗಾಳಿಮಳೆಯಲ್ಲಿ ಬಂಟ್ವಾಳ ಸೀಮೆಯ ಗಣಕಯಂತ್ರಗಳ ಪಾಡೇನೆಂಬುದನ್ನು ನಮ್ಮ ಕಾಲೇಜಿನ ವಾಚಕರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬೀಳುವುದು. ಕಚೇರಿಯ ಕಿಟಕಿಯಿಂದ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಹೊರಬೀಳುವುದು. ಈ ಮಾತು ಹೆಚ್ಚಾಗಿ ಸುಳ್ಳು. ಸರ್ವರ್ ಬೆಂಗಳೂರಿನಲ್ಲಿಯೋ ಮತ್ತೆಲ್ಲಿಯೋ ಕ್ಷೇಮವಾಗಿಯೇ ಇರುತ್ತದೆ. ಇಲ್ಲವಾದುದು ಅಲ್ಲಿಗೆ ಹೋಗುವ ದಾರಿ ಮಾತ್ರ.

ದಾರಿ ಮೊದಲು ಇಷ್ಟು ಉದ್ದವಿರಲಿಲ್ಲ. 2000ದ ಸುಮಾರಿಗೆ ನಮ್ಮ ರಾಜ್ಯದ "ಭೂಮಿ" ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಏರಿದಾಗ, ಒಂದೊಂದು ತಾಲೂಕಿನ ದಾಖಲೆಯೂ ಆ ತಾಲೂಕು ಕಚೇರಿಯ ಯಂತ್ರದಲ್ಲಿಯೇ ಇತ್ತು. ಅನಂತರ ಎಲ್ಲವೂ ಒಂದು ಕೇಂದ್ರಕ್ಕೆ ಸೇರಿತು. ಇದರಿಂದ ಅನುಕೂಲವಾದುದು ನಿಜ. ಆದರೆ ಮಧ್ಯದ ದಾರಿಯಲ್ಲಿ ಆಗುವ ಅವಘಡಗಳೂ ನಮ್ಮ ಪಾಲಿಗೆ ಬಂದುವು.

ಇದನ್ನು ಬರೆಯಲು ಕಾರಣ ನನ್ನದೇ ಒಂದು ಸಂಕಟ. ಕಳೆದ ಮಳೆಗಾಲದಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿ ಕಂತಿನ ಹಣವನ್ನು ಗಣಕಕ್ಕೆ ಬರೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ವೃದ್ಧೆಯೊಬ್ಬರು 2,500 ರೂಪಾಯಿ ಕಟ್ಟಿದರು. ಗುಂಡಿಯೊತ್ತಿದೆ. ಪರದೆ ಸ್ತಬ್ಧವಾಗಿ ನಿಂತು, ಕೊನೆಗೆ "ವಿಫಲವಾಯಿತು" ಎಂದಿತು. ಸಂಪರ್ಕ ಮರಳಿದ ಮೇಲೆ ಪುನಃ ಒತ್ತಿದೆ; ರಶೀದಿ ಬಂತು. ಸಂಜೆ ನೋಡಿದರೆ ಲೆಕ್ಕದಲ್ಲಿ ಆ ಹೆಸರಿಗೆ 5,000, ಪೆಟ್ಟಿಗೆಯಲ್ಲಿ 2,500! ಕೊರತೆಯನ್ನು ನಾನೇ ತುಂಬಬೇಕೆಂದರು. ಅಷ್ಟು ಹಣಕ್ಕೆ ನನ್ನ ತಾಯಿ ಎಷ್ಟು ಸಾವಿರ ಬೀಡಿ ಕಟ್ಟಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಮನೆಗೆ ಬಂದೆ.

ಬೀಡಿಯ ಮಾತು ಬಂದುದು ಒಳ್ಳೆಯದೇ ಆಯಿತು. ತಾಯಿಯವರು ಬ್ರಾಂಚಿಗೆ ಬೀಡಿ ಒಯ್ದಾಗ ಅಲ್ಲಿಯವರು ತಮ್ಮ ಪುಸ್ತಕದಲ್ಲಿಯೂ ಇವರ ಪುಸ್ತಕದಲ್ಲಿಯೂ ಸಂಖ್ಯೆಯನ್ನು ಬರೆಯುವರು. ಒಂದರಲ್ಲಿ ಬರೆದು, ಇನ್ನೊಂದರಲ್ಲಿ ಬರೆಯುವ ಮೊದಲು ಯಾರೋ ಕರೆದರೆಂದು ಎದ್ದು ಹೋದರೆ ಜಗಳ ತಪ್ಪದು. ದತ್ತಸಂಚಯದಲ್ಲಿ ಇಂತಹ ಜೋಡಿ ಬರಹಗಳನ್ನು ಒಂದೇ ಗಂಟಾಗಿ ಕಟ್ಟುವರು. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಗಂಟಿನೊಳಗಿನ ಎಲ್ಲವೂ ನಡೆಯಬೇಕು, ಇಲ್ಲವೇ ಯಾವುದೂ ನಡೆಯಬಾರದು. "ಕಮಿಟ್" ಎಂಬ ಆಜ್ಞೆ ತಲುಪುವ ಮೊದಲೇ ಸಂಪರ್ಕ ಕಡಿದರೆ, ಅದು ಕಡಿಯಿತೆಂದು ಸರ್ವರಿಗೆ ತಿಳಿದೊಡನೆ ಅರ್ಧ ಬರಹವು ಅಳಿಸಿಹೋಗುವುದು. ಇಲ್ಲಿಯವರೆಗೆ ಭಯವಿಲ್ಲ.

ಭಯವಿರುವುದು ಕಮಿಟ್ ಹೊರಟ ಮೇಲೆ. ಆಜ್ಞೆ ಹೋಯಿತು, ಉತ್ತರ ಬರಲಿಲ್ಲ. ಹೋಗುವಾಗ ಕಡಿಯಿತೋ? ಆಜ್ಞೆ ತಲುಪಿ, ಬರೆದು ಮುಗಿದು, ಉತ್ತರ ಬರುವಾಗ ಕಡಿಯಿತೋ? ಇತ್ತ ಕುಳಿತವನಿಗೆ ಎರಡೂ ಒಂದೇ ರೀತಿ ಕಾಣುವುದು. ಜಿಮ್ ಗ್ರೇ ಎಂಬ ವಿದ್ವಾಂಸರು 1978ರಲ್ಲಿ ಇದನ್ನು ಇಬ್ಬರು ಸೇನಾಪತಿಗಳ ಕಥೆಯಾಗಿ ಹೇಳಿದರು. ನಮ್ಮೂರಿಗೆ ತಂದು ಹೇಳುವುದಾದರೆ, ತುಂಬಿದ ನೇತ್ರಾವತಿಯ ಎರಡು ದಡಗಳಲ್ಲಿ ಇಬ್ಬರಿದ್ದಾರೆ. ದೋಣಿಯಲ್ಲಿ ಚೀಟಿ ಕಳುಹಬೇಕು, ದೋಣಿ ಮುಳುಗಲೂಬಹುದು. ಚೀಟಿ ತಲುಪಿತೆಂಬುದಕ್ಕೆ ಉತ್ತರ ಬೇಕು. ಉತ್ತರ ತಲುಪಿತೆಂಬುದಕ್ಕೆ ಇನ್ನೊಂದು ಉತ್ತರ ಬೇಕು. ಎಷ್ಟು ಚೀಟಿ ಹೋದರೂ ಕೊನೆಯ ಚೀಟಿ ಕಳುಹಿದವನಿಗೆ ಸಂದೇಹ ಉಳಿದೇ ಉಳಿಯುವುದು. ಇದು ಯಂತ್ರದ ದೋಷವಲ್ಲ, ಎಷ್ಟು ಹಣ ಸುರಿದರೂ ಹೋಗದ ಕಷ್ಟ. ಆದುದರಿಂದ ನನ್ನ ಪರದೆಯು "ವಿಫಲವಾಯಿತು" ಎಂದುದು ತಪ್ಪು. "ಆಯಿತೋ ಇಲ್ಲವೋ ತಿಳಿಯದು" ಎಂದಿದ್ದರೆ ಸತ್ಯವಾಗುತ್ತಿತ್ತು.

ದತ್ತಸಂಚಯದ ಮೇಲ್ವಿಚಾರಕರಿಗೆ ಇನ್ನೊಂದು ತಲೆನೋವುಂಟು. ಟಿಸಿಪಿ ಎಂಬ ವಿಧಾನದಲ್ಲಿ ಸಂಪರ್ಕವೆಂದರೆ ಸದಾ ಹರಿಯುವ ನೀರಲ್ಲ. ಮಾತಿಲ್ಲದಾಗ ಪೂರ್ಣ ಮೌನ. ಮೌನದಲ್ಲಿ ಎದುರಿನವನು ಸತ್ತರೂ ತಿಳಿಯದು. "ಇದ್ದೀಯಾ?" ಎಂದು ಕೇಳುವ ಏರ್ಪಾಡಿಗೆ ಕೀಪ್‌ಅಲೈವ್ ಎನ್ನುವರು. ಲಿನಕ್ಸ್ ವ್ಯವಸ್ಥೆಯಲ್ಲಿ, ಯಾರೂ ಬದಲಾಯಿಸದಿದ್ದರೆ, ಮೊದಲ ಪ್ರಶ್ನೆ ಹೊರಡುವುದು 7,200 ಸೆಕೆಂಡು ಮೌನದ ಬಳಿಕ; ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಎಂದರೆ ಸತ್ತ ಸಂಪರ್ಕವನ್ನು ಸತ್ತಿತೆಂದು ಒಪ್ಪಿಕೊಳ್ಳಲು 2 ಗಂಟೆ 11 ನಿಮಿಷ! ಅಷ್ಟರವರೆಗೆ, ಅರ್ಧದಲ್ಲಿ ನಿಂತ ಗಂಟೊಂದು ಯಾರದೋ ಸಾಲಿಗೆ ಬೀಗ ಹಾಕಿಕೊಂಡು ಕುಳಿತಿದ್ದರೆ, ಅದೇ ಸಾಲನ್ನು ತಿದ್ದಬೇಕಾದ ಉಳಿದವರೆಲ್ಲ ಕಾಯಬೇಕು. ಆದುದರಿಂದ ಜಾಣ ಮೇಲ್ವಿಚಾರಕರು ಈ ಅವಧಿಯನ್ನು ಕೆಲವು ನಿಮಿಷಗಳಿಗೆ ಇಳಿಸುವರು. ಗಂಟು ಬಿಚ್ಚಿ ಸುಮ್ಮನೆ ಕುಳಿತವರನ್ನು ಹೊರಹಾಕುವ ಅವಧಿಯೊಂದನ್ನು ಪೋಸ್ಟ್‌ಗ್ರೆಸ್‌ನವರು 2016ರಲ್ಲಿ ಸೇರಿಸಿದರು.

ತಾನಾಗಿ ಮರುಸಂಪರ್ಕ ಮಾಡಿಕೊಳ್ಳುವ ತಂತ್ರಾಂಶಗಳೂ ಇವೆ. ಇವುಗಳನ್ನು ನಾನು ಅಷ್ಟಾಗಿ ನಂಬೆನು. ಹೊಸ ಸಂಪರ್ಕವು ಹೊಸಬನಂತೆ. ಹಳೆಯ ಗಂಟು, ಬೀಗಗಳು, ತಾತ್ಕಾಲಿಕ ಕೋಷ್ಟಕಗಳು ಯಾವುವೂ ಅದಕ್ಕೆ ನೆನಪಿಲ್ಲ. ಹತ್ತು ಸಾಲುಗಳಲ್ಲಿ ಐದನ್ನು ಹಳೆಯದರಲ್ಲಿ ಬರೆದು, ಸದ್ದಿಲ್ಲದೆ ಕಡಿದು ಕೂಡಿ, ಉಳಿದ ಐದನ್ನು ಹೊಸದರಲ್ಲಿ ಬರೆದರೆ ಮೊದಲ ಐದು ಮಾಯವಾಗಿರುವುವು. ಮರಳಿ ಕೂಡಲಿ, ಬೇಡವೆನ್ನುವುದಿಲ್ಲ. ಆದರೆ ಕಡಿದಿತ್ತೆಂದು ಬಾಯಿಬಿಟ್ಟು ಹೇಳಬೇಕು.

ನನ್ನ ಕಥೆಗೆ ಬರೋಣ. ಮರುದಿನ ದತ್ತಸಂಚಯವನ್ನು ನೋಡಿಕೊಳ್ಳುವವರು ಬಂದು ತೆರೆದು ನೋಡಿದರು. ಒಂದೇ ಹೆಸರು, ಒಂದೇ ಮೊತ್ತ, ಕೆಲವೇ ನಿಮಿಷಗಳ ಅಂತರದ ಎರಡು ಸಾಲುಗಳು. ಆದರೆ ಎರಡು ಕಂತು ಒಟ್ಟಿಗೆ ಕಟ್ಟುವವರೂ ಇರುವರಷ್ಟೆ! ಫೋನು ಮಾಡಿ ಕೇಳಿದಾಗ ಆ ಅಜ್ಜಿಯವರು, "ನಾನು ಕೊಟ್ಟದ್ದು ಒಂದೇ ಸಲ ಮಗಾ" ಎಂದರು. ಅವರು ಹಾಗೆ ಹೇಳದಿರುತ್ತಿದ್ದರೆ ನನ್ನ ಬಳಿ ಬೇರೆ ಸಾಕ್ಷಿಯಿರಲಿಲ್ಲ.

ಅನಂತರ ಒಂದು ಸಣ್ಣ ಬದಲಾವಣೆ ಮಾಡಿದರು. ಹಿಂದೆ ರಶೀದಿಯ ಸಂಖ್ಯೆಯನ್ನು ಸರ್ವರ್ ಕೊಡುತ್ತಿತ್ತು. ಎರಡು ಸಲ ಒತ್ತಿದರೆ ಎರಡು ಸಂಖ್ಯೆ. ಈಗ ಗುಂಡಿಯೊತ್ತುವ ಮೊದಲೇ ನಮ್ಮ ಯಂತ್ರದಲ್ಲಿ ಒಂದು ಸಂಖ್ಯೆ ಹುಟ್ಟುವುದು, ಮತ್ತೆ ಒತ್ತಿದರೂ ಅದೇ ಸಂಖ್ಯೆ ಹೋಗುವುದು. ಒಂದು ಸಂಖ್ಯೆಗೆ ಒಂದೇ ಸಾಲು ಎಂಬ ನಿಯಮವನ್ನು ಕೋಷ್ಟಕಕ್ಕೆ ಹಾಕಿದರು. ಸಂದೇಹ ಹೋಗದಿದ್ದರೂ ಸಂದೇಹದಿಂದ ನಷ್ಟವಾಗದು. ದೊಡ್ಡ ದತ್ತಸಂಚಯಗಳಲ್ಲಿಯೂ ಇದಕ್ಕೆ ಸಮೀಪದ ಸೌಕರ್ಯವುಂಟು. ಪೋಸ್ಟ್‌ಗ್ರೆಸ್‌ನ 2017ರ ಆವೃತ್ತಿಯಿಂದ, ಗಂಟಿನ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ, ಮರಳಿ ಬಂದು "ಅದು ಕಮಿಟ್ ಆಯಿತೇ?" ಎಂದು ಕೇಳಬಹುದು.

ಆ ಮಳೆಗಾಲದಲ್ಲಿ ಇನ್ನೂ ಎರಡು ಸಲ ಕೆಲಸದ ಮಧ್ಯೆ ಸಂಪರ್ಕ ಕಡಿಯಿತು. ಎರಡು ಸಲವೂ ಪುನಃ ಒತ್ತಿದೆ. ಒಮ್ಮೆ "ಈ ಸಂಖ್ಯೆ ಆಗಲೇ ಇದೆ" ಎಂದಿತು; ಇನ್ನೊಮ್ಮೆ ಮರುಮಾತಿಲ್ಲದೆ ಬರೆದುಕೊಂಡಿತು. ಎರಡು ಸಂಜೆಯೂ ಪೆಟ್ಟಿಗೆಯ ಹಣ ಸರಿಹೋಯಿತು.