ಎಲ್ಬೆಯ ತೀರದಲ್ಲಿ ಒಂದು ದಿವಸ

ಸಂಸ್ಕೃತದ ಉಪಾಧ್ಯಾಯರಾಗಿದ್ದ ನಮಗೆ, ಶಾಲೆಯಲ್ಲಿ ಬೇರೆ ಜನವಿಲ್ಲದ ಕಾರಣ, ಚರಿತ್ರೆಯ ಪಾಠವೂ ಬಹುಕಾಲ ಪಾಲಿಗೆ ಬಂದಿದ್ದಿತು. ಎರಡನೆಯ ಮಹಾಯುದ್ಧದ ಪ್ರಕರಣವನ್ನು ಹೇಳುತ್ತಿದ್ದ ಒಂದು ದಿನ, ಡ್ರೆಸ್ಡನ್ ನಗರವು 1945ರಲ್ಲಿ ಬಾಂಬುಗಳಿಂದ ಭಸ್ಮವಾಯಿತೆಂದು ಒಂದೇ ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಹೊರಟಿರಲು, ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಅಲ್ಲಿ ಸತ್ತ ಮಕ್ಕಳು ಯಾರ ಕಡೆಯವರು?” ಎಂದು ಕೇಳಿದನು. ಪರೀಕ್ಷೆಗೆ ಬಾರದ ಪ್ರಶ್ನೆಯೆಂದು ಗದರಿಸಿ ಅವನನ್ನು ಕೂರಿಸಿದೆವು. ಹುಡುಗನು ಕುಳಿತನು, ಪ್ರಶ್ನೆಯು ಮಾತ್ರ ಕುಳಿತುಕೊಳ್ಳಲಿಲ್ಲ.

ನಮ್ಮ ಮಗಳು ಬರ್ಲಿನ್ ನಗರದಲ್ಲಿ ಸಂಸಾರ ಹೂಡಿರುವಳು. ಆಕೆಯ ಮನೆಗೆ ಹೋಗಿದ್ದಾಗ, ಡ್ರೆಸ್ಡನ್ನಿಗೆ ಅಲ್ಲಿಂದ ರೈಲಿನಲ್ಲಿ ಎರಡು ಗಂಟೆಯ ದಾರಿಯೆಂದು ತಿಳಿದು, ಒಂದು ದಿನ ಬೆಳಿಗ್ಗೆ ನಾವೂ ನಮ್ಮ ಮನೆಯವರೂ ಮಗಳೊಡನೆ ಹೊರಟೆವು. ಬುತ್ತಿಗೆ ಚಿತ್ರಾನ್ನವಿದ್ದಿತು.

ಎಲ್ಬೆ ನದಿಯ ದಂಡೆಯ ಮೇಲಿರುವ ಈ ಪಟ್ಟಣವು ಸ್ಯಾಕ್ಸನಿ ಪ್ರಾಂತದ ರಾಜಧಾನಿ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಇಲ್ಲಿ ಆಳಿದ ಬಲಶಾಲಿ ಆಗಸ್ಟಸ್ ಎಂಬ ದೊರೆಯು ಪೋಲೆಂಡಿಗೂ ಅರಸನಾಗಿದ್ದನು. ಆಡಂಬರಪ್ರಿಯನಾದ ಅವನ ಕಾಲದಲ್ಲಿ ಈ ಊರು ಬರೋಕ್ ಎಂಬ ಶಿಲ್ಪಶೈಲಿಯ ತವರಾಯಿತು. ಬರೋಕ್ ಎಂಬ ಹೆಸರು ಡೊಂಕಾದ ಮುತ್ತೆಂಬ ಅರ್ಥವುಳ್ಳ ಪೋರ್ಚುಗೀಸ್ ಪದದಿಂದ ಬಂದುದೆಂದು ಹೇಳುವರು. ಪ್ಯೋಪಲ್‌ಮನ್ ಎಂಬ ಸ್ಥಪತಿಯೂ ಪೆರ್ಮೋಸರ್ ಎಂಬ ಶಿಲ್ಪಿಯೂ ನಿರ್ಮಿಸಿದ ಟ್ಸ್ವಿಂಗರ್ ಎಂಬ ವಿಲಾಸಭವನವನ್ನು ನೋಡಿದರೆ ಆ ಹೆಸರಿನ ಔಚಿತ್ಯವು ತಿಳಿಯುವುದು. ಅಲ್ಲಿ ಕಲ್ಲು ನೆಟ್ಟಗೆ ನಿಲ್ಲಲೊಲ್ಲದೆ ಬಳ್ಳಿಯಂತೆ ಬಾಗುವುದು.

ಅರಮನೆಯ ರತ್ನಭಂಡಾರದಲ್ಲಿ ನಮಗೊಂದು ವಿಸ್ಮಯವು ಕಾದಿದ್ದಿತು. ಮೇಜಿನಷ್ಟು ವಿಸ್ತಾರದಲ್ಲಿ ಔರಂಗಜೇಬ ಪಾದಶಹನ ಒಡ್ಡೋಲಗ! ಡಿಂಗ್ಲಿಂಗರ್ ಎಂಬ ಅಕ್ಕಸಾಲಿಗನು 1701ರಿಂದ 1708ರವರೆಗೆ, ಹಿಂದುಸ್ಥಾನವನ್ನು ಕಣ್ಣಿನಿಂದ ಕಾಣದೆ, ಪ್ರವಾಸಿಗಳ ಬರಹಗಳನ್ನೋದಿಯೇ ಇದನ್ನು ಮಾಡಿದನಂತೆ. ಬಂಗಾರದ ನೂರಕ್ಕೂ ಮಿಕ್ಕ ಗೊಂಬೆಗಳು, ಸುಮಾರು 5,000 ವಜ್ರಗಳು. ಅಕ್ಕಸಾಲಿಗನು ದೆಹಲಿಯ ಸಿಂಹಾಸನದ ಮೇಲೆ ಪಾದಶಹನನ್ನು ಕೂರಿಸುತ್ತಿದ್ದ ಆ ವರ್ಷಗಳಲ್ಲಿ, ಪಾದಶಹನು ದೆಹಲಿಯಲ್ಲಿಯೇ ಇರಲಿಲ್ಲ. 1705ರಲ್ಲಿ ಅವನು ನಮ್ಮ ಸುರಪುರದ ಸೀಮೆಯ ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿ, ಮುಪ್ಪಿನಲ್ಲಿ ಡೇರೆಯೊಳಗೆ ದಿನ ಕಳೆಯುತ್ತಿದ್ದನು. ದೂರದಿಂದ ನೋಡುವವರಿಗೆ ವೈಭವವು ಮಾತ್ರ ಕಾಣುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ನಮಗೆ ದೊರೆತಿಲ್ಲ. ನಾವೂ ಈ ಊರನ್ನು ದೂರದಿಂದಲೇ, ಒಂದು ವಾಕ್ಯದಲ್ಲಿ ನೋಡಿದ್ದವರಲ್ಲವೆ?

ಅರಮನೆಯ ಹೊರಗೋಡೆಯ ಮೇಲೆ ಸ್ಯಾಕ್ಸನಿಯ ಅರಸರ ಸವಾರಿಯ ಚಿತ್ರವಿದೆ. 102 ಮೀಟರು ಉದ್ದ. ಪಿಂಗಾಣಿಯ ಬಿಲ್ಲೆಗಳು 23,000ಕ್ಕೆ ಸಮೀಪ. ಊರೆಲ್ಲ ಉರಿದಾಗ ಇದು ಬಹುಮಟ್ಟಿಗೆ ಉಳಿಯಿತು. “ಒಲೆಯಲ್ಲಿ ಬೆಂದದ್ದಲ್ಲವೆ, ಬೆಂಕಿ ಅದಕ್ಕೆ ಹೊಸದಲ್ಲ” ಎಂದರು ನಮ್ಮ ಮನೆಯವರು.

ಅಲ್ಲಿಂದ ಕೆಲವು ಹೆಜ್ಜೆಗಳಲ್ಲಿ ಫ್ರಾವೆನ್‌ಕಿರ್ಶೆ ಎಂಬ ದೇವಾಲಯ, ಎಂದರೆ ಮೇರಿಯಮ್ಮನವರ ಇಗರ್ಜಿ. 1726ರಲ್ಲಿ ಆರಂಭವಾಗಿ 1743ರಲ್ಲಿ ಮುಗಿದ ಇದರ ಕಲ್ಲಿನ ಗುಮ್ಮಟವು ಸುಪ್ರಸಿದ್ಧವಾದುದು. ಇದನ್ನು ಕಟ್ಟಿದ ಗಿಯೋರ್ಗ್ ಬೇರ್ ಎಂಬ ಸ್ಥಪತಿಯು ಕೆಲಸ ಮುಗಿಯುವುದನ್ನು ಕಾಣದೆ 1738ರಲ್ಲಿಯೇ ತೀರಿಕೊಂಡನು. 1945ನೆಯ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳೂ ಮರುದಿನ ಅಮೆರಿಕದ ವಿಮಾನಗಳೂ ಊರಿನ ಮೇಲೆ ಬೆಂಕಿ ಸುರಿದುವು. ಗುಮ್ಮಟವು ಒಳಗೇ ಬೇಯುತ್ತ ನಿಂತಿದ್ದು, 15ರ ಬೆಳಿಗ್ಗೆ ಕುಸಿಯಿತು. ಸತ್ತವರು 25,000ದವರೆಗೆ ಇದ್ದಿರಬಹುದೆಂದು ಚರಿತ್ರಕಾರರ ಮಂಡಲಿಯೊಂದು 2010ರಲ್ಲಿ ನಿರ್ಣಯಿಸಿತು.

ನಾಲ್ಕು ದಶಕಗಳಿಗೂ ಮಿಕ್ಕಿ ಆ ಕಲ್ಲಿನ ರಾಶಿಯು ಹಾಗೆಯೇ ಬಿದ್ದಿದ್ದಿತು. ಎರಡು ಜರ್ಮನಿಗಳು ಒಂದಾದ ಮೇಲೆ ರಾಶಿಯನ್ನು ಬಿಡಿಸಿ, ಕಲ್ಲುಕಲ್ಲನ್ನೂ ಅಳೆದು ಗುರುತು ಹಾಕಿ, ಉಳಿದವುಗಳನ್ನು ಸಾಧ್ಯವಾದಷ್ಟು ಮೊದಲಿನ ಸ್ಥಾನದಲ್ಲಿಯೇ ಕೂರಿಸಿದರು. 1994ರಲ್ಲಿ ತೊಡಗಿದ ಜೀರ್ಣೋದ್ಧಾರವು 2005ರಲ್ಲಿ ಪೂರೈಸಿತು. ಹಳೆಯ ಕಲ್ಲು ಕಪ್ಪು, ಹೊಸದು ಬಿಳಿಹಳದಿ. ಆ ಕಪ್ಪು ಬೆಂಕಿಯ ಮಸಿಯಲ್ಲವೆಂದೂ, ಈ ಸೀಮೆಯ ಮರಳುಗಲ್ಲು ಗಾಳಿಮಳೆಗಳಿಗೆ ತಾನಾಗಿಯೇ ಕಪ್ಪಾಗುವುದೆಂದೂ ಮಗಳು ಹೇಳಿದಳು. ಹಾಗಾದರೆ ಒಂದು ಕಾಲಕ್ಕೆ ಎರಡೂ ಒಂದೇ ಬಣ್ಣಕ್ಕೆ ಬರುವುವು!

ಒಳಗೆ, ಕಲ್ಲಿನ ರಾಶಿಯಲ್ಲಿ 1993ರಲ್ಲಿ ಸಿಕ್ಕಿದ ಹಳೆಯ ಶಿಖರದ ಶಿಲುಬೆಯನ್ನು ತಿರುಚಿದ ಸ್ಥಿತಿಯಲ್ಲಿಯೇ ಇಟ್ಟಿರುವರು. ಈಗ ಶಿಖರದ ಮೇಲಿರುವ ಹೊಸ ಶಿಲುಬೆಯು ಬ್ರಿಟಿಷ್ ಜನರ ಕಾಣಿಕೆ. ಅದನ್ನು ಮಾಡಿದ ಲಂಡನ್ನಿನ ಅಲನ್ ಸ್ಮಿತ್ ಎಂಬ ಕುಶಲಕರ್ಮಿಯ ತಂದೆಯು ಈ ಊರಿನ ಮೇಲೆ ಬಾಂಬು ಹಾಕಿದ ವೈಮಾನಿಕರಲ್ಲಿ ಒಬ್ಬನು. ಇದನ್ನು ಕೇಳಿ ನಾವು ಬಹಳ ಹೊತ್ತು ಅಲ್ಲಿನ ಬೆಂಚಿನ ಮೇಲೆಯೇ ಕುಳಿತೆವು.

ಈ ಊರು ನಿರ್ದೋಷಿಯೆಂದು ನಾವು ಹೇಳುತ್ತಿಲ್ಲ. ಇಲ್ಲಿಯ ಯಹೂದ್ಯರ ಪ್ರಾರ್ಥನಾಮಂದಿರವನ್ನು 1938ನೆಯ ನವೆಂಬರ್ 9ರ ರಾತ್ರಿ ಸುಟ್ಟರು. 2001ರಲ್ಲಿ ಹೊಸದು ಅದೇ ಎಡೆಯಲ್ಲಿ ಎದ್ದಿತು. 1940ರಲ್ಲಿ ಜರ್ಮನರ ವಿಮಾನಗಳು ಇಂಗ್ಲೆಂಡಿನ ಕವೆಂಟ್ರಿ ಪಟ್ಟಣವನ್ನು ಸುಟ್ಟುವು. ಯುದ್ಧವನ್ನು ಹೂಡಿದವರು ಯಾರೆಂಬುದನ್ನು ಮರೆಯಲಾಗದು. ಆದರೆ ಆ ಲೆಕ್ಕವನ್ನು ಹಿಡಿದು ಮಕ್ಕಳ ಸಾವನ್ನು ಜಮಾಖರ್ಚು ಮಾಡಹೊರಟರೆ ಲೆಕ್ಕವು ಎಂದಿಗೂ ಸರಿಹೋಗದು. ತಂದೆ ಕೆಡವಿದ್ದಕ್ಕೆ ಮಗನು ಶಿಖರವನ್ನು ಮಾಡಿಕೊಟ್ಟುದು ಲೆಕ್ಕವನ್ನು ತೀರಿಸಲಿಕ್ಕಲ್ಲ, ಮುಂದಿನವರಿಗೆ ದಾಟಿಸದಿರಲಿಕ್ಕೆ ಎಂದು ನಮಗೆ ತೋರಿತು.

ಸಂಜೆ ನದಿಯ ಮೆಟ್ಟಿಲುಗಳ ಮೇಲೆ ಕುಳಿತು ಉಳಿದ ಚಿತ್ರಾನ್ನವನ್ನು ತಿಂದೆವು. ಮಗಳು ಗುಮ್ಮಟದ ಚಿತ್ರವಿದ್ದ ಕಾರ್ಡುಗಳನ್ನು ಕೊಂಡಿದ್ದಳು. ಒಂದನ್ನು ನಾವು ಕೇಳಿ ಪಡೆದೆವು. ಆ ಹಿಂದಿನ ಬೆಂಚಿನ ಹುಡುಗನು ಈಗ ನಮ್ಮ ಊರಿನ ಪೇಟೆಯಲ್ಲಿ ಅಂಗಡಿಯಿಟ್ಟು, ಇಬ್ಬರು ಮಕ್ಕಳ ತಂದೆಯಾಗಿರುವನು. ಅವನಿಗೆ ಹೀಗೆ ಬರೆದೆವು: “ಚಿರಂಜೀವಿಗೆ ಆಶೀರ್ವಾದ. ಅಂದು ನೀನು ಕೇಳಿದ ಪ್ರಶ್ನೆ ಸರಿಯಾದುದು. ಮಕ್ಕಳಿಗೆ ಕಡೆಯೆಂಬುದಿಲ್ಲ. ನಿನ್ನನ್ನು ಕೂರಿಸಿದುದು ನಮ್ಮ ತಪ್ಪು.”

ರೈಲು ಹೊರಡುವ ಮುನ್ನ ಅದನ್ನು ಅಂಚೆಯ ಪೆಟ್ಟಿಗೆಗೆ ಹಾಕಿದೆವು.