ಹಳೆ ಬಾಗಿಲಿನ ಜಿಡ್ಡು: ಉಜ್ಜುವ ಮುನ್ನ ಒಂದಿಷ್ಟು ರಸಾಯನ ವಿಜ್ಞಾನ

ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಕಡೆಯ ಹಳೆಯ ಮಾಳಿಗೆ ಮನೆಗೆ ಹೋದಾಗ ತಲಬಾಗಿಲ ಚೌಕಟ್ಟನ್ನು ಒಮ್ಮೆ ಮುಟ್ಟಿ ನೋಡಿ. ತಲೆಯ ಮೇಲಿನ ಭಾಗದಲ್ಲಿ ಸಾಗವಾನಿ ಕಂದು ಬಣ್ಣದಲ್ಲಿ ಹೊಳೆಯುತ್ತಿರುತ್ತದೆ. ಬರುವವರು ಹೋಗುವವರು ಕೈಯಿಡುವ ಎತ್ತರದಲ್ಲಿ ಮಾತ್ರ ಮರ ಕಪ್ಪಾಗಿ ಅಂಟುತ್ತದೆ. ದೀಪವಿಡುವ ಗೂಡಿನ ಪಕ್ಕದಲ್ಲಂತೂ ಕಪ್ಪು ಇನ್ನೂ ದಟ್ಟ. ಉಗುರಿನಿಂದ ಗೀಚಿದರೆ ಮೇಣದಂಥ ಕರಿ ಜಿಡ್ಡು ಉಗುರಿನ ಸಂದಿಗೆ ಬರುತ್ತದೆ, ಮರ ಕಾಣುವುದಿಲ್ಲ.

ಈ ಜಿಡ್ಡು ಒಂದು ದಿನದ್ದಲ್ಲ. ಹಬ್ಬ ಬಂದಾಗ ಬಾಗಿಲು, ಕಂಬಗಳಿಗೆ ಎಣ್ಣೆ ಒರೆಸಿದ್ದಾರೆ. ಮನೆಯಲ್ಲಿ ಮದುವೆ ಗೊತ್ತಾದಾಗ ಬಡಿಗೇರರನ್ನು ಕರೆಸಿ ಪಾಲಿಶ್ ಹೊಡೆಸಿದ್ದಾರೆ. ಮುಂದಿನ ತಲೆಮಾರು ಅದರ ಮೇಲೆ ವಾರ್ನಿಶ್ ಬಳಿದಿದೆ. ಎಲ್ಲವೂ ಮರದ ಮೇಲಿನ ಪ್ರೀತಿಯಿಂದಲೇ ಆದದ್ದು. ಆದರೆ ಹಳೆಯ ಪದರವನ್ನು ತೆಗೆಯದೆ ಹೊಸದನ್ನು ಹಚ್ಚುತ್ತ ಬಂದದ್ದರಿಂದ, ನಡುವೆ ಸಿಕ್ಕಿದ ಹೊಗೆಮಸಿ ಮತ್ತು ಎರೆಮಣ್ಣಿನ ಧೂಳು ಹಾಗೇ ಉಳಿದುಕೊಂಡಿವೆ.

ಇಂಥ ಬಾಗಿಲು ಕಂಡ ಕೂಡಲೇ ಈಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ: ಸೋಡಾ ನೀರು ಹಾಕಿ ತಿಕ್ಕುವುದು, ಇಲ್ಲವೇ ಮಷಿನ್ ತರಿಸಿ ಮರಳು ಕಾಗದದಿಂದ ಉಜ್ಜಿಸುವುದು. ಎರಡರಲ್ಲೂ ಜಿಡ್ಡಿನ ಜೊತೆಗೆ ಒಳಗಿನ ಒಳ್ಳೆಯ ಪಾಲಿಶೂ ಹೋಗುತ್ತದೆ. ಉಜ್ಜಿದಾಗ ಕೆತ್ತನೆಯ ಚೂಪು ಅಂಚುಗಳೂ ಸವೆಯುತ್ತವೆ. ಸವೆದ ಕೆತ್ತನೆ ಮತ್ತೆ ಬರುವುದಿಲ್ಲ. ಮೇಲಿನ ಕೊಳೆ ಹೋಗಬೇಕು, ಕೆಳಗಿನ ಪಾಲಿಶ್ ಉಳಿಯಬೇಕು ಎಂದರೆ ಮೊದಲು ಯಾವ ಪದರ ಯಾವುದರದ್ದು ಎಂದು ತಿಳಿಯಬೇಕು.

ಎಣ್ಣೆಗಳೆಲ್ಲ ಒಂದೇ ಅಲ್ಲ

ಅಗಸೆ, ಕುಸುಬೆ, ಶೇಂಗಾ ಮೂರೂ ನಮ್ಮ ಕಡೆಯ ಅಡುಗೆಮನೆಗೆ ಪರಿಚಿತ. ಮೂರರ ಎಣ್ಣೆಯನ್ನೂ ಮರಕ್ಕೆ ಒರೆಸಬಹುದು, ಆದರೆ ಮರದ ಮೇಲೆ ಅವು ನಡೆದುಕೊಳ್ಳುವ ರೀತಿ ಬೇರೆ ಬೇರೆ. ಎಣ್ಣೆಯ ಅಣುವಿನಲ್ಲಿ ಇಂಗಾಲದ ಉದ್ದನೆಯ ಸರಪಳಿಗಳಿರುತ್ತವೆ. ಸರಪಳಿಯಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿದ್ದರೆ ಗಾಳಿಯ ಆಮ್ಲಜನಕ ಅಲ್ಲಿಗೆ ಬಂದು ಸೇರುತ್ತದೆ. ಆಗ ಪಕ್ಕಪಕ್ಕದ ಸರಪಳಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತಾಗುತ್ತವೆ, ಎಣ್ಣೆ ಗಟ್ಟಿಯಾಗುತ್ತದೆ. ಎಣ್ಣೆ ‘ಒಣಗುವುದು’ ಎಂದರೆ ಇದೇ. ಒದ್ದೆ ಬಟ್ಟೆಯ ನೀರು ಆರಿಹೋಗುವಂತೆ ಇಲ್ಲಿ ಏನೂ ಆರಿಹೋಗುವುದಿಲ್ಲ.

ಜೋಡಿ ಬಂಧಗಳು ಎಷ್ಟಿವೆ ಎಂದು ಅಳೆಯಲು ಅಯೋಡಿನ್ ಸಂಖ್ಯೆ ಎಂಬ ಅಳತೆಯಿದೆ. ಅಗಸೆ ಎಣ್ಣೆಯದ್ದು ಸುಮಾರು 170ರಿಂದ 200, ಕುಸುಬೆಯದ್ದು ಸುಮಾರು 140, ಶೇಂಗಾದ್ದು 90ರ ಆಸುಪಾಸು, ಕೊಬ್ಬರಿ ಎಣ್ಣೆಯದ್ದು 10ರ ಆಸುಪಾಸು. ಹೀಗಾಗಿ ಅಗಸೆ ಎಣ್ಣೆ ತೆಳುವಾಗಿ ಬಳಿದರೆ ಕೆಲವು ದಿನಗಳಲ್ಲಿ ಗಟ್ಟಿ ಪೊರೆಯಾಗುತ್ತದೆ. ಶೇಂಗಾ ಎಣ್ಣೆ ಪೂರ್ತಿ ಒಣಗುವುದೇ ಇಲ್ಲ. ಅರೆಬರೆ ಬಿಗಿದುಕೊಂಡು ಜಿಗುಟಾಗಿ ಉಳಿದು, ಬೀಸಿ ಬಂದ ಧೂಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಕೈಗೆ ಅಂಟುವ ಕರಿ ಪದರದಲ್ಲಿ ಬಹುಪಾಲು ಇಂಥ ಎಣ್ಣೆಯೇ ಇರುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಹೇಳುವ ಪಾಠ

ಯಾವುದು ಯಾವುದರಲ್ಲಿ ಕರಗುತ್ತದೆ ಎಂಬುದನ್ನು ಕಲಿಯಲು ಪ್ರಯೋಗಾಲಯ ಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಚಿಟಿಕೆಯಷ್ಟು ತಣ್ಣೀರಿಗೆ ಹಾಕಿ. ನೀರು ಅಷ್ಟೇನೂ ಕೆಂಪೇರುವುದಿಲ್ಲ. ಅದೇ ಪುಡಿಯನ್ನು ಬೆಚ್ಚಗಿನ ಎಣ್ಣೆಗೆ ಹಾಕಿದರೆ ಎಣ್ಣೆಯೆಲ್ಲ ಕೆಂಪು. ಆ ಬಣ್ಣದ ಅಣುಗಳು ಎಣ್ಣೆಯ ಜಾತಿಯವು, ನೀರಿನ ಸಹವಾಸ ಅವಕ್ಕೆ ಒಗ್ಗದು. ಕಾರ್ಖಾನೆಗಳಲ್ಲಿ ಈ ಮೆಣಸಿನಕಾಯಿಯಿಂದ ಬಣ್ಣದ ಸಾರ ತೆಗೆಯುವಾಗಲೂ ಎಣ್ಣೆಯ ಗುಣದ ದ್ರಾವಕಗಳನ್ನೇ ಬಳಸುತ್ತಾರೆ.

ಬಾಗಿಲಿನ ಪದರಗಳಿಗೂ ಇದೇ ನಿಯಮ. ಒಣಗದ ಎಣ್ಣೆ ಮತ್ತು ಮೇಣ ಕರಗಲು ಬಣ್ಣದಂಗಡಿಯ ಟರ್ಪೆಂಟೈನ್ ಬೇಕು. ಬಡಿಗೇರರು ಹೊಡೆಯುವ ಸ್ಪಿರಿಟ್ ಪಾಲಿಶ್ ಎಂದರೆ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಮರದ ಮೇಲಿನ ಒಂದು ಸಣ್ಣ ಕೀಟ ಒಸರುವ ಇದೇ ಅರಗು. ಅದು ಟರ್ಪೆಂಟೈನಿಗೆ ಜಗ್ಗುವುದಿಲ್ಲ, ಸ್ಪಿರಿಟ್ ತಾಗಿದರೆ ಕರಗುತ್ತದೆ. ಸೋಡಾದಂಥ ಕ್ಷಾರದಲ್ಲೂ ಕರಗುತ್ತದೆ, ಸೋಡಾ ನೀರು ಬೇಡವೆನ್ನಲು ಕಾರಣ ಇದೇ. ಇನ್ನು ಅಗಸೆ ಎಣ್ಣೆ, ವಾರ್ನಿಶ್‌ಗಳು ಪೂರ್ತಿ ಬಲೆ ಕಟ್ಟಿದ ಮೇಲೆ ಯಾವುದರಲ್ಲೂ ಸುಲಭವಾಗಿ ಕರಗುವುದಿಲ್ಲ. ಬೇಯಿಸಿದ ರೊಟ್ಟಿ ಮತ್ತೆ ಹಿಟ್ಟಾಗುವುದಿಲ್ಲವಲ್ಲ, ಹಾಗೆ.

ಇದು ನಮ್ಮ ಪುಣ್ಯ. ಕೊಳೆಯನ್ನು ಹಿಡಿದಿರುವ ಮೇಲಿನ ಜಿಗುಟು ಟರ್ಪೆಂಟೈನಿನಲ್ಲಿ ಕರಗುತ್ತದೆ, ಕೆಳಗಿರುವ ಅರಗು ಕರಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ದಾರಿಯಿದೆ.

ಹಿತವಾದದ್ದರಿಂದ ಆರಂಭ

ಬಾಗಿಲ ಹಿಂಬದಿಯ, ಕಣ್ಣಿಗೆ ಬೀಳದ ಅಂಗೈಯಗಲ ಜಾಗವನ್ನು ಪರೀಕ್ಷೆಗೆ ಆರಿಸಿಕೊಳ್ಳಿ. ಮೊದಲು ಮೆತ್ತನೆಯ ಬ್ರಷ್ಷಿನಿಂದ ಒಣ ಧೂಳು ತೆಗೆಯಿರಿ. ನಂತರ ಅಂಟುವಾಳ ಕಾಯಿ ನೆನೆಸಿದ ನೀರು. ಅದರ ನೊರೆಯಲ್ಲಿರುವ ಸಪೋನಿನ್‌ಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಜಿಡ್ಡು ಇಷ್ಟ. ಹೀಗಾಗಿ ಜಿಡ್ಡನ್ನು ಹಿಡಿದು ನೀರಿಗೆ ತಂದುಬಿಡುತ್ತವೆ. ರೇಷ್ಮೆ ಸೀರೆ ಒಗೆಯಲು ಬಳಸುವಷ್ಟು ಹಿತವಾದ ವಸ್ತು ಇದು. ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ನೀರು ನಿಂತರೆ ಅರಗಿನ ಪದರದೊಳಗೆ ತೇವ ಸೇರಿ ಬಿಳಿ ಕಲೆ ಬೀಳುತ್ತದೆ, ಮರವೂ ಉಬ್ಬುತ್ತದೆ.

ಅಂಟು ಇನ್ನೂ ಉಳಿದಿದ್ದರೆ ಹತ್ತಿಯ ತುಂಡಿಗೆ ನಾಲ್ಕು ಹನಿ ಟರ್ಪೆಂಟೈನ್ ಹಾಕಿ ಸುತ್ತುಸುತ್ತಾಗಿ ಆಡಿಸಿ. ಹತ್ತಿ ಕರ್ರಗಾಗಿ, ಕೆಳಗಿನ ಹೊಳಪು ಹಾಗೇ ಇದ್ದರೆ ನೀವು ಸರಿ ದಾರಿಯಲ್ಲಿದ್ದೀರಿ. ಹತ್ತಿಯನ್ನು ಆಗಾಗ ಬದಲಿಸಿ, ಇಲ್ಲವಾದರೆ ಎತ್ತಿದ ಕೊಳೆಯನ್ನೇ ಮತ್ತೆ ಬಳಿದಂತಾಗುತ್ತದೆ. ಸೀಮೆಎಣ್ಣೆ ಬೇಡ, ಅದು ನಿಧಾನವಾಗಿ ಆರುತ್ತದೆ. ಹತ್ತಿಯ ಮೇಲೆ ಕೆಂಗಂದು ಬಣ್ಣ ಬಂದು ಹೊಳಪು ಮಾಸತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಪಾಲಿಶೇ ಏಳುತ್ತಿದೆ ಎಂದರ್ಥ. ಸ್ಪಿರಿಟ್ ಅನ್ನು ತಳದಲ್ಲಿರುವುದು ಅರಗೇ ಎಂದು ಖಚಿತಪಡಿಸಿಕೊಳ್ಳಲು ಒಂದೇ ಹನಿ ಬಳಸಿ, ಇಡೀ ಬಾಗಿಲಿಗೆ ಸುರಿಯಬೇಡಿ.

ನಗರದ ಮರದ ನೆಲಕ್ಕೂ ಇದೇ ಮಾತು

ನಮ್ಮ ಕಡೆ ಸಗಣಿ ಸಾರಿಸಿದ ನೆಲ, ಹಾಸುಗಲ್ಲು ಹೋಗಿ ಟೈಲ್ಸ್ ಬಂದಿದೆ. ನೆಲಕ್ಕೆ ಮರ ಹಾಸುವ ರೂಢಿ ಇಲ್ಲಿಲ್ಲ. ಆದರೆ ಬೆಂಗಳೂರಿನ ಫ್ಲಾಟುಗಳಲ್ಲಿ, ಶಟಲ್ ಕೋರ್ಟುಗಳಲ್ಲಿ ಮರದ ನೆಲವಿದೆ. ಅದರ ಮೇಲೆ ಹೊಳಪಿಗೆಂದು ಸುರಿಯುವ ದ್ರವಗಳಲ್ಲಿ ಹಲವು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನವು. ಮೇಲಿಂದ ಮೇಲೆ ಹಾಕಿದರೆ ನೆಲ ಮಂಕಾಗಿ ಹೆಜ್ಜೆಗುರುತು ಮೂಡುತ್ತವೆ. ಅಂಥ ಪಾಲಿಶ್‌ಗಳಲ್ಲಿ ಪ್ಲಾಸ್ಟಿಕ್ ಅಣುಗಳನ್ನು ಸಾಮಾನ್ಯವಾಗಿ ಸತುವಿನ ಕೊಂಡಿಗಳು ಬಿಗಿದಿಟ್ಟಿರುತ್ತವೆ. ಅಮೋನಿಯಾ ಇರುವ ಕ್ಲೀನರ್ ಆ ಕೊಂಡಿಗಳನ್ನು ಬಿಡಿಸಿ ಪದರವನ್ನು ಮೆತ್ತಗಾಗಿಸುತ್ತದೆ. ಒದ್ದೆ ಬಟ್ಟೆಯಲ್ಲಿ, ಸ್ವಲ್ಪ ಸ್ವಲ್ಪ ಜಾಗಕ್ಕೆ ಹಚ್ಚಿ, ತಕ್ಷಣ ಒರೆಸಿ ತೆಗೆಯಬೇಕು. ಅಮೋನಿಯಾದ ಜೊತೆ ಬ್ಲೀಚಿಂಗ್ ಪುಡಿ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಅರಗಿನ ಪಾಲಿಶ್ ಇರುವ ಕಡೆ ಅಮೋನಿಯಾ ಕೂಡದು, ಅದೂ ಕ್ಷಾರವೇ.

ಕೊನೆಗೆ ಒಂದು ಎಚ್ಚರಿಕೆ. ಟರ್ಪೆಂಟೈನ್, ಸ್ಪಿರಿಟ್ ಬಳಸುವಾಗ ಒಲೆ, ದೀಪ ಆರಿರಲಿ, ಕಿಟಕಿ ತೆರೆದಿರಲಿ, ಕೈಗೆ ಗವುಸು ಇರಲಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಎಣ್ಣೆ ಆಮ್ಲಜನಕ ಹೀರುವಾಗ ಶಾಖ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯೊಳಗೆ ಆ ಶಾಖ ಕೂಡಿಕೊಂಡು, ಕಡ್ಡಿ ಗೀರದೆಯೂ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ.

ಹಳೆಯ ಮನೆ ಕೆಡವಿ ಬಾಗಿಲು, ಕಂಬಗಳನ್ನು ಮಾರುತ್ತಿರುವ ಕಾಲವಿದು. ಉಳಿಸಿಕೊಂಡವರು ದಯವಿಟ್ಟು ಮಷಿನ್ ಹಚ್ಚುವ ಮೊದಲು ಒಂದು ದಿನ ತಡೆಯಿರಿ. ಹತ್ತಿಯ ತುಂಡು, ಅಂಟುವಾಳದ ನೀರು, ನಾಲ್ಕು ಹನಿ ಟರ್ಪೆಂಟೈನ್ ಹಿಡಿದು ಅಂಗೈಯಗಲ ಜಾಗದಲ್ಲಿ ಪರೀಕ್ಷಿಸಿ ನೋಡಿ. ಅಜ್ಜನ ಕಾಲದ ಪಾಲಿಶ್ ಆ ಜಿಡ್ಡಿನ ಕೆಳಗೆ ಇನ್ನೂ ಹಾಗೇ ಇರಬಹುದು.